ಪಿ.ಯು.ಸಿ. ಗಣಿತ: ನಿಮಗೆ ನೀವೇ ಗುರು



ಇಂದಿನ ಮಾತುಗಳನ್ನು ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಆಡುತ್ತಿದ್ದೇನೆ. ಬೇರೆ ಊರಿನವರಿಗೂ ಇದು ಸಲ್ಲುತ್ತದೆ. ಆದರೆ ಉದಾಹರಣೆಗಳು ಕಣ್ಣಿಗೆ ಕಾಣುವ ಹಾಗಿರಲಿ ಎಂದು ಘಟಪ್ರಭೆಯ ಸೀಮೆಯನ್ನೇ ಆರಿಸಿಕೊಂಡಿದ್ದೇನೆ.

ಈ ಸೀಮೆಯಲ್ಲಿ ಮೂರು ಬಗೆಯ ವಿದ್ಯಾರ್ಥಿಗಳಿದ್ದಾರೆ. ಎಸ್.ಎಸ್.ಎಲ್.ಸಿ. ಮುಗಿಸಿ ಪಾಲಿಟೆಕ್ನಿಕ್ ಸೇರಿ, ಡಿಪ್ಲೊಮಾ ಪಡೆದು, ಈಗ ಬಿ.ಇ. ಓದಲು ಹೊರಟವರು ಮೊದಲನೆಯವರು. ಪಿ.ಯು.ಸಿ.ಯಲ್ಲಿ ಕಲೆ ಅಥವಾ ವಾಣಿಜ್ಯ ವಿಭಾಗ ತೆಗೆದುಕೊಂಡು, ಹತ್ತನೆಯ ತರಗತಿಗೇ ಗಣಿತಕ್ಕೆ ಕೈಮುಗಿದು, ಈಗ ಕಂಪ್ಯೂಟರ್ ಅಥವಾ ಅರ್ಥಶಾಸ್ತ್ರ ಓದುವಾಗ ಮತ್ತೆ ಅದೇ ಗಣಿತ ಎದುರಾಗುತ್ತದೆ ಎಂದು ತಿಳಿದವರು ಎರಡನೆಯವರು. ಮೂರನೆಯವರು ವಿಜ್ಞಾನವನ್ನೇ ಓದಿದವರು. ಕನ್ನಡ ಮಾಧ್ಯಮದಿಂದ ಒಮ್ಮೆಲೇ ಇಂಗ್ಲಿಷ್ ಪುಸ್ತಕಕ್ಕೆ ಬಂದು, ಅರ್ಥವಾಗದೆ ಸೂತ್ರಗಳನ್ನು ಬಾಯಿಪಾಠ ಮಾಡಿ ಹೇಗೋ ಪಾಸಾದವರು. ಈ ಮೂವರಿಗೂ ಒಂದೇ ಪ್ರಶ್ನೆ: ಕಾಲೇಜು ಆರಂಭವಾಗುವ ಮೊದಲು, ಎರಡು ವರ್ಷದ ಪಿ.ಯು.ಸಿ. ಗಣಿತವನ್ನು ನಮ್ಮಷ್ಟಕ್ಕೆ ನಾವೇ ಕಲಿಯಬಹುದೇ?

ಕಲಿಯಬಹುದು. ಆದರೆ ಅದಕ್ಕೆ ಒಂದು ಕ್ರಮ ಬೇಕು, ಒಂದು ಬಗೆಯ ಪ್ರಾಮಾಣಿಕತೆ ಬೇಕು. ಆ ಕ್ರಮ ಯಾವುದು, ಪ್ರಾಮಾಣಿಕತೆ ಎಂದರೇನು ಎಂಬುದನ್ನು ಹೇಳುವುದೇ ಈ ಭಾಷಣದ ಉದ್ದೇಶ.

ಮೊದಲು ಒಂದು ವ್ಯಾವಹಾರಿಕ ಸಂಗತಿ. ಗಣಿತ ಗೊತ್ತಿರುವುದು ಬೇರೆ, ಗಣಿತದ ಅಂಕಪಟ್ಟಿ ಇರುವುದು ಬೇರೆ. ಕೆಲವು ಪದವಿಗಳಿಗೆ ಸೇರಲು ಹನ್ನೆರಡನೆಯ ತರಗತಿಯ ಮಟ್ಟದಲ್ಲಿ ಗಣಿತ ಓದಿ ಪಾಸಾಗಿರಬೇಕು ಎಂಬ ನಿಯಮ ಇರುತ್ತದೆ. ಮನೆಯಲ್ಲಿ ಎಷ್ಟೇ ಚೆನ್ನಾಗಿ ಕಲಿತಿದ್ದರೂ ಆ ನಿಯಮ ಬದಲಾಗುವುದಿಲ್ಲ. ಆದ್ದರಿಂದ ನೀವು ಸೇರಬೇಕೆಂದಿರುವ ಕಾಲೇಜಿನ ಕಚೇರಿಗೆ ಹೋಗಿ ನಿಯಮವನ್ನು ಓದಿಕೊಳ್ಳಿ. ಅಂಕಪಟ್ಟಿ ಬೇಕೇಬೇಕು ಎಂದಾದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಇದೆ. 1989ರಲ್ಲಿ ನ್ಯಾಷನಲ್ ಓಪನ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಹೈಯರ್ ಸೆಕೆಂಡರಿ ಮಟ್ಟದ ಗಣಿತಕ್ಕೆ ಪರೀಕ್ಷೆ ಕಟ್ಟಬಹುದು. ಬೇಕಾದ ಒಂದೆರಡು ವಿಷಯಗಳಿಗೆ ಮಾತ್ರ ಹೆಸರು ನೋಂದಾಯಿಸುವ ಅವಕಾಶವೂ ಉಂಟು. ಆ ಅಂಕಪಟ್ಟಿಯನ್ನು ನಿಮ್ಮ ಕಾಲೇಜು ಒಪ್ಪುತ್ತದೆಯೇ ಎಂಬುದನ್ನೂ ಅದೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಡಿಪ್ಲೊಮಾ ಮುಗಿಸಿದವರಿಗೆ ಬಾಗಿಲು ತೆರೆದೇ ಇದೆ. ಅವರು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ ಸೇರುತ್ತಾರೆ. ಕಷ್ಟ ಇರುವುದು ಒಳಗೆ ಕಾಲಿಟ್ಟ ಮೇಲೆ. ಪಕ್ಕದ ಬೆಂಚಿನಲ್ಲಿ ಕುಳಿತವರು ಪಿ.ಯು.ಸಿ.ಯ ಎರಡು ವರ್ಷ ಮತ್ತು ಬಿ.ಇ. ಮೊದಲ ವರ್ಷ, ಹೀಗೆ ಮೂರು ವರ್ಷ ಗಣಿತ ಅರೆದು ಕುಡಿದು ಬಂದಿರುತ್ತಾರೆ. ಡಿಪ್ಲೊಮಾದಲ್ಲಿಯೂ ಗಣಿತ ಇರುತ್ತದೆ. ಆದರೆ ಅಲ್ಲಿ ಕೆಲಸಕ್ಕೆ ಬೇಕಾದಷ್ಟು ಸೂತ್ರಗಳಿಗೆ ಒತ್ತು. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಈ ಅಂತರ ಚೆನ್ನಾಗಿ ಗೊತ್ತು. ತನ್ನ 2018ರ ಪಠ್ಯಕ್ರಮದಲ್ಲಿ ಅದು ಡಿಪ್ಲೊಮಾದಿಂದ ಬಂದವರಿಗಾಗಿಯೇ 'ಹೆಚ್ಚುವರಿ ಗಣಿತ' ಎಂಬ ಸೇತುವೆಯಂಥ ವಿಷಯವನ್ನು ಕಡ್ಡಾಯವಾಗಿ ಇಟ್ಟಿತ್ತು. ಅದರಲ್ಲಿ ಇದ್ದದ್ದು ಸಂಮಿಶ್ರ ಸಂಖ್ಯೆಗಳು, ಸದಿಶಗಳು, ಅವಕಲನ, ಅನುಕಲನ ಮುಂತಾದವು. ಅವುಗಳಲ್ಲಿ ಬಹುಪಾಲು ಪಿ.ಯು.ಸಿ. ಗಣಿತದ ತಿರುಳೇ. ಆದರೆ ಕಾಲೇಜಿನಲ್ಲಿ ಉಳಿದ ವಿಷಯಗಳ ಜೊತೆಗೆ ಇದನ್ನೂ ಹೊರುವುದಕ್ಕಿಂತ, ಮುಂಚಿನ ರಜೆಯಲ್ಲೇ ಕಲಿತು ಹೋದರೆ ಹೊರೆ ಎಷ್ಟು ಹಗುರವಾದೀತು ಎಂದು ಯೋಚಿಸಿ.

ಇನ್ನು ಪಿ.ಯು.ಸಿ. ಗಣಿತ ಎಂದರೆ ಎಷ್ಟು ದೊಡ್ಡದು? ಕರ್ನಾಟಕದ ಪದವಿಪೂರ್ವ ಕಾಲೇಜುಗಳಲ್ಲಿ 2012-13ರಿಂದ ವಿಜ್ಞಾನ ವಿಷಯಗಳಿಗೆ ಎನ್.ಸಿ.ಇ.ಆರ್.ಟಿ. ಪಠ್ಯವನ್ನು ಅನುಸರಿಸಲಾಗುತ್ತಿದೆ. ಪಾಠಗಳನ್ನು ಹಗುರಗೊಳಿಸಿದ ನಂತರ ಆ ಪುಸ್ತಕಗಳಲ್ಲಿ ಮೊದಲ ವರ್ಷಕ್ಕೆ 14, ಎರಡನೆಯ ವರ್ಷಕ್ಕೆ 13, ಒಟ್ಟು 27 ಅಧ್ಯಾಯಗಳಿವೆ. ಸಂಖ್ಯೆ ಕೇಳಿ ಗಾಬರಿಯಾಗಬೇಡಿ. ಸ್ವಂತವಾಗಿ ಕಲಿಯುವವರಿಗೆ ಈ ಪುಸ್ತಕಗಳಲ್ಲಿ ಮೂರು ಅನುಕೂಲಗಳಿವೆ: ಪ್ರತಿ ಪಾಠದಲ್ಲಿ ಬಿಡಿಸಿ ತೋರಿಸಿದ ಲೆಕ್ಕಗಳಿವೆ, ಅಭ್ಯಾಸದ ಲೆಕ್ಕಗಳಿಗೆ ಕೊನೆಯಲ್ಲಿ ಉತ್ತರಗಳಿವೆ, ಮತ್ತು ಪುಸ್ತಕವನ್ನು ಸಂಸ್ಥೆಯ ಜಾಲತಾಣದಿಂದ ಹಣ ಕೊಡದೆ ಪಡೆಯಬಹುದು. ದಪ್ಪ ದಪ್ಪ ಗೈಡುಗಳು ಈ ಹಂತದಲ್ಲಿ ಬೇಡ. ಗೈಡು ಬರೆದವರ ಗುರಿ ಪರೀಕ್ಷೆ. ನಿಮ್ಮ ಗುರಿ ಪರೀಕ್ಷೆ ಮುಗಿದ ಮೇಲೂ ಉಳಿಯುವ ತಿಳಿವಳಿಕೆ.

ಈಗ ಕ್ರಮಕ್ಕೆ ಬರೋಣ. ಪಿ.ಯು.ಸಿ. ಗಣಿತದಲ್ಲಿ ಎಡವುವವರು ಹೆಚ್ಚಾಗಿ ಎಡವುವುದು ಪಿ.ಯು.ಸಿ. ಪಾಠದಲ್ಲಿ ಅಲ್ಲ, ಎಂಟು, ಒಂಬತ್ತು, ಹತ್ತನೆಯ ತರಗತಿಯ ಪಾಠದಲ್ಲಿ. ಅಡಿಪಾಯದಲ್ಲಿ ಎಲ್ಲಿ ಬಿರುಕು ಇದೆ ಎಂದು ಮೊದಲು ಹುಡುಕಬೇಕು. ಒಂದೆರಡು ಪರೀಕ್ಷೆ ಮಾಡಿಕೊಳ್ಳಿ. ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸಿ ಎಂದರೆ, ಮೇಲಿನ ಅಂಕೆಗಳನ್ನು ಕೂಡಿಸಿ, ಕೆಳಗಿನ ಅಂಕೆಗಳನ್ನು ಕೂಡಿಸಿ, ಐದರಲ್ಲಿ ಎರಡು ಭಾಗ ಎಂದು ಬರೆಯುವವರು ಕಾಲೇಜಿಗೆ ಬಂದ ಮೇಲೂ ಇದ್ದಾರೆ. ಐದರಲ್ಲಿ ಎರಡು ಎಂದರೆ ಅರ್ಧಕ್ಕಿಂತ ಕಡಿಮೆ. ಅರ್ಧ ರೊಟ್ಟಿಗೆ ಇನ್ನೊಂದು ತುಂಡು ರೊಟ್ಟಿ ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಆಗಲು ಸಾಧ್ಯವೇ? ಸರಿಯಾದ ಉತ್ತರ ಆರರಲ್ಲಿ ಐದು ಭಾಗ. ಇನ್ನೊಂದು: ಎರಡು ಸಂಖ್ಯೆಗಳ ಮೊತ್ತದ ವರ್ಗ, ಅವುಗಳ ವರ್ಗಗಳ ಮೊತ್ತಕ್ಕೆ ಸಮ ಎಂದು ಬರೆಯುವ ತಪ್ಪು. 3 ಮತ್ತು 4 ಇಟ್ಟು ನೋಡಿ. ಮೊತ್ತ 7, ಅದರ ವರ್ಗ 49. ವರ್ಗಗಳು 9 ಮತ್ತು 16, ಅವುಗಳ ಮೊತ್ತ 25. ಕಾಣೆಯಾದ 24 ಎಲ್ಲಿ ಹೋಯಿತು? ಅದು 3 ಮತ್ತು 4ರ ಗುಣಲಬ್ಧದ ಎರಡರಷ್ಟು. ಇಂಥ ಸಣ್ಣ ತಪ್ಪು ಒಂದೇ ಒಂದು ಇದ್ದರೂ, ಮುಂದೆ ಪುಟಗಟ್ಟಲೆ ಬರೆದ ಲೆಕ್ಕ ತಪ್ಪುತ್ತದೆ. ತಪ್ಪು ಎಲ್ಲಿದೆ ಎಂದು ತಿಳಿಯದೆ ವಿದ್ಯಾರ್ಥಿ ತನಗೆ ಗಣಿತವೇ ಬಾರದು ಎಂದುಕೊಳ್ಳುತ್ತಾನೆ.

ಆದ್ದರಿಂದ ಮೊದಲ ಎರಡು ವಾರ ಹತ್ತನೆಯ ತರಗತಿಯ ಪುಸ್ತಕವೇ ನಿಮ್ಮ ಪುಸ್ತಕ. ಭಿನ್ನರಾಶಿ, ಘಾತಾಂಕಗಳು, ಅಪವರ್ತಿಸುವುದು, ವರ್ಗ ಸಮೀಕರಣ, ಸಮಾಂತರ ಶ್ರೇಢಿ, ತ್ರಿಕೋನಮಿತಿಯ ಮೊದಲ ಪಾಠ, ನಿರ್ದೇಶಾಂಕ ರೇಖಾಗಣಿತ. ಇವು ಕೈಗೆ ಹತ್ತಬೇಕು. ಸಾಮು ಮಾಡುವ ಪೈಲ್ವಾನ ಮೊದಲು ಬಸ್ಕಿ ಹೊಡೆಯುತ್ತಾನೆ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆಮೇಲೆ ಪಿ.ಯು.ಸಿ. ಪುಸ್ತಕ. ಅದರಲ್ಲಿ ಎಲ್ಲಕ್ಕೂ ಬೆನ್ನೆಲುಬಾಗಿರುವುದು 'ಫಂಕ್ಷನ್' ಎಂಬ ಕಲ್ಪನೆ. ಒಂದು ಬೆಲೆ ಕೊಟ್ಟರೆ ಒಂದೇ ಒಂದು ಬೆಲೆ ಹಿಂತಿರುಗಿ ಬರುವ ಸಂಬಂಧವೇ ಫಂಕ್ಷನ್. ಕಬ್ಬಿನ ತೂಕ ಹೇಳಿದರೆ ಹಣ ಎಷ್ಟು ಎಂದು ಹೇಳಬಹುದಲ್ಲವೇ, ಹಾಗೆ. ಇದು ಮನಸ್ಸಿನಲ್ಲಿ ಕೂತ ಮೇಲೆ ಲಿಮಿಟ್, ಅಂದರೆ ಮಿತಿ, ಮಿತಿಯಿಂದ ಅವಕಲನ, ಅವಕಲನದಿಂದ ಅನುಕಲನ. ಈ ಸರಪಳಿಯ ಒಂದು ಕೊಂಡಿಯನ್ನೂ ಹಾರಿಸಬೇಡಿ. ಮಾತೃಕೆ, ಸದಿಶ, ಸಂಭವನೀಯತೆ ಇವು ಸ್ವಲ್ಪ ಹಿಂದೆ ಮುಂದೆ ಆದರೂ ನಡೆಯುತ್ತದೆ.

ಮಿತಿ ಮತ್ತು ಅವಕಲನ ಎಂದರೆ ಏನು ಎಂಬುದನ್ನು ಗೋಕಾಕ ಜಲಪಾತದ ಹತ್ತಿರ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಘಟಪ್ರಭೆ ಅಲ್ಲಿ ಸುಮಾರು 52 ಮೀಟರು ಕೆಳಕ್ಕೆ ಧುಮುಕುತ್ತದೆ. ಅಷ್ಟು ಎತ್ತರದಿಂದ ಒಂದು ಕಲ್ಲು ಬೀಳುತ್ತದೆ ಎಂದು ಕಾಗದದ ಮೇಲೆ ಊಹಿಸಿಕೊಳ್ಳಿ. ಗಾಳಿಯ ತಡೆಯನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಬಿದ್ದ ದೂರ ಎಷ್ಟು ಎಂದರೆ, ಕಳೆದ ಸೆಕೆಂಡುಗಳ ವರ್ಗವನ್ನು 4.9ರಿಂದ ಗುಣಿಸಿದಷ್ಟು ಮೀಟರು. ಎರಡು ಸೆಕೆಂಡಿನಲ್ಲಿ 19.6 ಮೀಟರು, ಮೂರು ಸೆಕೆಂಡಿನಲ್ಲಿ 44.1 ಮೀಟರು. ತಳ ಮುಟ್ಟಲು ಮೂರೂಕಾಲು ಸೆಕೆಂಡು ಸಾಕು.

ಈಗ ಪ್ರಶ್ನೆ: ಸರಿಯಾಗಿ ಎರಡನೆಯ ಸೆಕೆಂಡಿನ ಆ ಕ್ಷಣದಲ್ಲಿ ಕಲ್ಲಿನ ವೇಗ ಎಷ್ಟು? ವೇಗ ಎಂದರೆ ದೂರವನ್ನು ಕಾಲದಿಂದ ಭಾಗಿಸುವುದು ಎಂದು ಕಲಿತಿದ್ದೇವೆ. ಆದರೆ ಒಂದು ಕ್ಷಣದಲ್ಲಿ ದೂರವೂ ಸೊನ್ನೆ, ಕಾಲವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ. ಹಾಗಾದರೆ ಏನು ಮಾಡೋಣ? ಎರಡರಿಂದ ಮೂರನೆಯ ಸೆಕೆಂಡಿನವರೆಗೆ ಸರಾಸರಿ ವೇಗ ತೆಗೆಯೋಣ: 24.5 ಮೀಟರು. ಅಂತರವನ್ನು ಚಿಕ್ಕದು ಮಾಡೋಣ. 2ರಿಂದ 2.1 ಸೆಕೆಂಡಿನವರೆಗೆ 20.09. 2ರಿಂದ 2.01ರವರೆಗೆ 19.649. 2ರಿಂದ 2.001ರವರೆಗೆ 19.6049. ಅಂಕೆಗಳು ಎತ್ತ ಹೋಗುತ್ತಿವೆ ನೋಡಿದಿರಾ? 19.6ರ ಕಡೆಗೆ. ನಾವು ಅಂತರವನ್ನು ಎಷ್ಟು ಕಿರಿದು ಮಾಡಿದರೆ ಉತ್ತರ ಅಷ್ಟು ಹತ್ತಿರ ಹೋಗುವ ಆ 19.6 ಎಂಬುದೇ ಮಿತಿ. ಆ ಕ್ಷಣದ ವೇಗವೆಂದರೆ ಅದೇ. ಹೀಗೆ ಪ್ರತಿ ಕ್ಷಣಕ್ಕೂ ಬದಲಾವಣೆಯ ದರ ಕಂಡುಹಿಡಿಯುವ ಕ್ರಿಯೆಗೆ ಅವಕಲನ ಎಂದು ಹೆಸರು. ಪುಸ್ತಕದಲ್ಲಿ ಇದು ಗ್ರೀಕ್ ಅಕ್ಷರಗಳ ವೇಷ ತೊಟ್ಟು ಬರುತ್ತದೆ. ವೇಷ ಕಳಚಿದರೆ ಒಳಗಿರುವುದು ನೀವು ಈಗ ಮಾಡಿದ ನಾಲ್ಕು ಭಾಗಾಕಾರಗಳು. ದಯವಿಟ್ಟು ಇದನ್ನು ಓದಿ ಮುಂದೆ ಹೋಗಬೇಡಿ. ಒಂದು ಹಾಳೆ ತೆಗೆದುಕೊಂಡು ನಾಲ್ಕನ್ನೂ ನೀವೇ ಮಾಡಿ ನೋಡಿ.

ಈ ಅವಕಲನದಿಂದ ಉಪಯೋಗವೇನು? ಗೋಕಾಕದಿಂದ ಮೂಡಲಗಿಗೆ ಬನ್ನಿ. ಮೊದಲು ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಮೂಡಲಗಿ ಸೀಮೆ ಕಾಲುವೆಯ ನೀರು ಕಂಡ ನೆಲ. ಕಾಲುವೆಯ ದಂಡೆಗೆ ತಾಗಿದಂತೆ ಒಬ್ಬ ರೈತ ಆಯತಾಕಾರದ ಜಾಗಕ್ಕೆ ಬೇಲಿ ಹಾಕಬೇಕು. ಅವನ ಹತ್ತಿರ 100 ಮೀಟರು ತಂತಿ ಇದೆ. ಕಾಲುವೆಯ ಕಡೆಗೆ ಬೇಲಿ ಬೇಡ, ಉಳಿದ ಮೂರು ಕಡೆ ಸಾಕು. ಎಷ್ಟು ಅಗಲ ಬಿಟ್ಟರೆ ಹೆಚ್ಚು ನೆಲ ಬೇಲಿಯೊಳಗೆ ಬರುತ್ತದೆ? ಅಗಲ 10 ಮೀಟರು ಇಟ್ಟರೆ ಉದ್ದಕ್ಕೆ 80 ಉಳಿಯುತ್ತದೆ, ಕ್ಷೇತ್ರಫಲ 800 ಚದರ ಮೀಟರು. 20 ಇಟ್ಟರೆ 1200. 30 ಇಟ್ಟರೂ 1200. 40 ಇಟ್ಟರೆ ಮತ್ತೆ 800. ಏರಿ ಇಳಿಯುವ ಈ ದಾರಿಯಲ್ಲಿ ನೆತ್ತಿ ಎಲ್ಲಿದೆ? ಏರುವುದು ನಿಂತು, ಇಳಿಯುವುದು ಇನ್ನೂ ಆರಂಭವಾಗದ ಜಾಗದಲ್ಲಿ ಬದಲಾವಣೆಯ ದರ ಸೊನ್ನೆ. ಅವಕಲನ ಮಾಡಿ ಸೊನ್ನೆಗೆ ಸಮ ಎಂದು ಬರೆದರೆ ಅಗಲ 25 ಮೀಟರು ಎಂದು ಒಂದೇ ಸಾಲಿನಲ್ಲಿ ಉತ್ತರ ಬರುತ್ತದೆ; ಕ್ಷೇತ್ರಫಲ 1250 ಚದರ ಮೀಟರು. ಕಡಿಮೆ ಖರ್ಚು, ಹೆಚ್ಚು ಲಾಭ, ಕಡಿಮೆ ಉಕ್ಕಿನಲ್ಲಿ ಗಟ್ಟಿ ತೊಲೆ, ಇಂಥ ಲೆಕ್ಕಗಳ ಹಿಂದೆಲ್ಲ ಇದೇ ಉಪಾಯ ಇದೆ. ವಾಣಿಜ್ಯ, ಅರ್ಥಶಾಸ್ತ್ರ ಓದುವವರಿಗೂ ಇದು ಏಕೆ ಬೇಕು ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ಅನುಕಲನ. ಇದಕ್ಕೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯಕ್ಕಿಂತ ಒಳ್ಳೆಯ ಪಾಠ ಬೇರೆ ಬೇಕಿಲ್ಲ. ಮಳೆಗಾಲದಲ್ಲಿ ವಾರ್ತೆಯಲ್ಲಿ ಎರಡು ಮಾತು ಕೇಳುತ್ತೀರಿ. ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿ.ಎಂ.ಸಿ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ; ಅದು ದರ. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅದು ಮೊತ್ತ. ಹಿಡಕಲ್ ಜಲಾಶಯ ತುಂಬಿದರೆ ಸುಮಾರು 51 ಟಿ.ಎಂ.ಸಿ. ದಿನಕ್ಕೆ 86,400 ಸೆಕೆಂಡುಗಳು. ಆದ್ದರಿಂದ 11,574 ಕ್ಯೂಸೆಕ್ ನೀರು ಒಂದು ಇಡೀ ದಿನ ಸಮನಾಗಿ ಹರಿದು ಬಂದರೆ ಒಂದು ಟಿ.ಎಂ.ಸಿ. ಸೇರುತ್ತದೆ. ನೀವೇ ಗುಣಿಸಿ ನೋಡಿ.

ಆದರೆ ನದಿ ಸಮನಾಗಿ ಹರಿಯುವುದಿಲ್ಲವಲ್ಲ! ಘಟ್ಟದಲ್ಲಿ ಮಳೆ ಜೋರಾದರೆ ಗಂಟೆಗೊಂದು ದರ. ಮೊದಲ ಆರು ಗಂಟೆ 10,000 ಕ್ಯೂಸೆಕ್, ಮುಂದಿನ ಆರು ಗಂಟೆ 20,000, ಉಳಿದ ಹನ್ನೆರಡು ಗಂಟೆ 30,000 ಬಂತು ಎಂದು ಭಾವಿಸೋಣ. ಒಂದೊಂದು ತುಂಡನ್ನೂ ಬೇರೆ ಬೇರೆ ಗುಣಿಸಬೇಕು: 21.6 ಕೋಟಿ, 43.2 ಕೋಟಿ, 129.6 ಕೋಟಿ ಘನ ಅಡಿ. ಒಟ್ಟು 194.4 ಕೋಟಿ, ಅಂದರೆ ಸುಮಾರು 1.94 ಟಿ.ಎಂ.ಸಿ. ದರ ಗಂಟೆಗಂಟೆಗೂ ಬದಲಾದರೆ 24 ತುಂಡು, ನಿಮಿಷಕ್ಕೊಮ್ಮೆ ಬದಲಾದರೆ 1,440 ತುಂಡು. ತುಂಡುಗಳನ್ನು ಕಿರಿದು ಮಾಡುತ್ತಾ ಹೋದ ಹಾಗೆ ಮೊತ್ತ ಯಾವ ಮಿತಿಗೆ ಹೋಗುತ್ತದೆಯೋ ಅದೇ ಅನುಕಲನ. ದರದಿಂದ ಮೊತ್ತಕ್ಕೆ ಹೋಗುವುದು ಅನುಕಲನ, ಮೊತ್ತದಿಂದ ದರಕ್ಕೆ ಬರುವುದು ಅವಕಲನ. ಒಂದು ಇನ್ನೊಂದರ ಹಿಮ್ಮುಖ ನಡಿಗೆ. ಎರಡನೆಯ ವರ್ಷದ ಪುಸ್ತಕದ ಅತಿ ದೊಡ್ಡ ಮಾತು ಇದು. ಅದು ನಿಮ್ಮ ಜಿಲ್ಲೆಯ ನೀರಿನ ಸುದ್ದಿಯಲ್ಲೇ ಇದೆ.

ಈಗ ಭಾಷೆಯ ವಿಚಾರ. ಕನ್ನಡ ಮಾಧ್ಯಮದವರಿಗೆ ಇದು ನಿಜವಾದ ತೊಡಕು. ಇಂಗ್ಲಿಷ್ ಗಣಿತ ಪುಸ್ತಕ ಕಂಡರೆ ಕಾದಂಬರಿ ಕಂಡಷ್ಟು ಹೆದರಬೇಕಾಗಿಲ್ಲ. ಗಣಿತದ ಇಂಗ್ಲಿಷ್ ಬಹಳ ಕಿರಿದು. 'ಎಂದಾಗಿರಲಿ', 'ಆದ್ದರಿಂದ', 'ಹಾಗಾದರೆ ಮಾತ್ರ', 'ಪ್ರತಿಯೊಂದಕ್ಕೂ', 'ಒಂದಾದರೂ ಇದೆ', ಇಂಥ ಕೆಲವು ಮಾತುಗಳು ಮತ್ತೆ ಮತ್ತೆ ಬರುತ್ತವೆ. ನೂರು, ನೂರೈವತ್ತು ಪದಗಳ ಒಂದು ಕಿರುಪುಸ್ತಕ ಮಾಡಿಕೊಳ್ಳಿ. ಎಡಗಡೆ ಪುಸ್ತಕದ ಪದ, ಬಲಗಡೆ ಕನ್ನಡ ಅರ್ಥ, ಕೆಳಗೆ ಒಂದು ಉದಾಹರಣೆ. ಮ್ಯಾಟ್ರಿಕ್ಸ್ ಎಂದರೆ ಮಾತೃಕೆ, ವೆಕ್ಟರ್ ಎಂದರೆ ಸದಿಶ, ಪರ್‌ಮ್ಯುಟೇಶನ್ ಎಂದರೆ ಕ್ರಮಯೋಜನೆ. ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಅರ್ಥವನ್ನು ಕನ್ನಡದಲ್ಲಿ ನಿಮಗೆ ನೀವೇ ಹೇಳಿಕೊಳ್ಳಿ. ಒಂದು ಪಾಠವನ್ನು ತಂಗಿಗೋ ತಮ್ಮನಿಗೋ ಮನೆಮಾತಿನಲ್ಲಿ ತಿಳಿಸಿ ಹೇಳಲು ಬಂದರೆ ಆ ಪಾಠ ನಿಮಗೆ ಬಂತು ಎಂದು ತಿಳಿಯಿರಿ.

ನಾನು ದೂರದರ್ಶನದ ನಿರ್ಮಾಪಕ. ಆದ್ದರಿಂದ ಪರದೆಯ ಬಗ್ಗೆ ಒಂದು ಮಾತು ಹೇಳುವುದು ನನ್ನ ಕರ್ತವ್ಯ. 1984ರ ಆಗಸ್ಟ್ 15ರಂದು ವಿಶ್ವವಿದ್ಯಾಲಯ ಅನುದಾನ ಆಯೋಗದ ಪಾಠಗಳು ದೂರದರ್ಶನದಲ್ಲಿ ಆರಂಭವಾದವು. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಪಾಠಗಳು ಬಂದವು. ಈಗ ಮೊಬೈಲಿನಲ್ಲಿ ಪಿ.ಯು.ಸಿ. ಗಣಿತದ ಪಾಠಗಳು ಬೇಕಾದಷ್ಟಿವೆ. ಇದೆಲ್ಲ ಒಳ್ಳೆಯದೇ. ಆದರೆ ಪರದೆಯ ಪಾಠ ಹೇಗೆ ತಯಾರಾಗುತ್ತದೆ ಎಂದು ನಿಮಗೆ ಗೊತ್ತಿರಲಿ. ಅಧ್ಯಾಪಕರು ಹಲಗೆಯ ಮುಂದೆ ತಡವರಿಸಿದ್ದನ್ನು ನಾವು ಕತ್ತರಿಸಿ ತೆಗೆಯುತ್ತೇವೆ. ಅಳಿಸಿ ಮತ್ತೆ ಬರೆದದ್ದನ್ನು ತೆಗೆಯುತ್ತೇವೆ. ಯೋಚಿಸುತ್ತಾ ನಿಂತ ಅರ್ಧ ನಿಮಿಷವನ್ನೂ ತೆಗೆಯುತ್ತೇವೆ. ಉಳಿಯುವುದು ಎಣ್ಣೆ ಹಚ್ಚಿದಂತೆ ಜಾರುವ ಪಾಠ. ಅದನ್ನು ನೋಡಿದವರಿಗೆ ಎಲ್ಲ ಅರ್ಥವಾಯಿತು ಎನಿಸುತ್ತದೆ. ಆ ಸರಾಗತನ ಸಂಕಲನಕಾರರದು, ನಿಮ್ಮದಲ್ಲ. ಕಲಿಕೆ ನಡೆಯುವುದು ನಾವು ಕತ್ತರಿಸಿ ಎಸೆದ ಆ ತಡವರಿಕೆಯಲ್ಲಿ. ಆದ್ದರಿಂದ ಪಾಠ ನೋಡುವಾಗ ಪೆನ್ನು ಕೈಯಲ್ಲಿರಲಿ. ಪ್ರಶ್ನೆ ಹೇಳಿದ ಕೂಡಲೇ ಪಾಠವನ್ನು ನಿಲ್ಲಿಸಿ, ನೀವೇ ಮಾಡಿ, ಆಮೇಲೆ ಹೋಲಿಸಿ.

ಪ್ರಾಮಾಣಿಕತೆ ಎಂದು ಮೊದಲು ಹೇಳಿದೆನಲ್ಲ, ಅದು ಇದೇ. ಶಾಲೆಯಲ್ಲಿ ಗುರುಗಳು ನಿಮ್ಮ ತಪ್ಪು ಹಿಡಿಯುತ್ತಾರೆ. ಸ್ವಂತ ಕಲಿಕೆಯಲ್ಲಿ ಆ ಕೆಲಸ ನಿಮ್ಮದೇ. ಉತ್ತರ ಹಿಂದಿನ ಪುಟದಲ್ಲಿದೆ ಎಂದು ಮೊದಲೇ ನೋಡಿ, ಅದಕ್ಕೆ ತಕ್ಕಂತೆ ಲೆಕ್ಕವನ್ನು ಬಗ್ಗಿಸಬೇಡಿ. ಒಂದು ಲೆಕ್ಕದ ಮುಂದೆ ಇಪ್ಪತ್ತು ನಿಮಿಷ ಕೂಡಿ. ಆಗಲಿಲ್ಲವೆಂದರೆ ಅಂಥದೇ ಒಂದು ಬಿಡಿಸಿದ ಲೆಕ್ಕದ ಒಂದು ಸಾಲು ಮಾತ್ರ ನೋಡಿ ಮುಂದುವರಿಯಿರಿ. ನೋಡಿ ಮಾಡಿದ ಲೆಕ್ಕವನ್ನು ಮರುದಿನ ನೋಡದೆ ಮತ್ತೆ ಮಾಡಿ. ಪಾಠ ಮುಗಿದ ಮೇಲೆ, ಹಿಂದೆ ಮುಟ್ಟದ ಐದು ಲೆಕ್ಕ ಆರಿಸಿ, ಪುಸ್ತಕ ಮುಚ್ಚಿ, ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ನಾಲ್ಕು ಸರಿಯಾದರೆ ಮುಂದೆ ಹೋಗಿ. ಎರಡೇ ಸರಿಯಾದರೆ ಹಿಂದೆ ಬನ್ನಿ. ಹಿಂದೆ ಬರುವುದು ಸೋಲಲ್ಲ. ತಪ್ಪುಗಳಿಗಾಗಿ ಒಂದು ಬೇರೆ ವಹಿ ಇರಲಿ. ಒಂದು ತಿಂಗಳಾದ ಮೇಲೆ ಅದನ್ನು ತಿರುವಿದರೆ, ನಿಮ್ಮ ತಪ್ಪುಗಳು ನೂರು ಬಗೆಯವಲ್ಲ, ನಾಲ್ಕೈದೇ ಬಗೆಯವು ಎಂದು ತಿಳಿಯುತ್ತದೆ.

ಸಮಯ ಎಷ್ಟು ಬೇಕು? ನೂರು ದಿನ, ದಿನಕ್ಕೆ ಮೂರು ಗಂಟೆ, ಒಟ್ಟು ಮುನ್ನೂರು ಗಂಟೆ ಎಂದು ಇಟ್ಟುಕೊಳ್ಳಿ. ಮೊದಲ 15 ದಿನ ಹತ್ತನೆಯ ತರಗತಿಯ ಅಡಿಪಾಯ. ಮುಂದಿನ 25 ದಿನ ಫಂಕ್ಷನ್, ತ್ರಿಕೋನಮಿತಿ, ಶ್ರೇಢಿಗಳು, ಸರಳರೇಖೆ, ಶಂಕುಜಗಳು. ಆಮೇಲೆ 35 ದಿನ ಮಿತಿ, ಅವಕಲನ, ಅನುಕಲನ, ಅವಕಲ ಸಮೀಕರಣಗಳು. ಇಲ್ಲಿ ಆತುರ ಬೇಡ. 15 ದಿನ ಮಾತೃಕೆ, ಸದಿಶ, ಸಂಮಿಶ್ರ ಸಂಖ್ಯೆ. ಕೊನೆಯ 10 ದಿನ ಕ್ರಮಯೋಜನೆ, ಸಂಭವನೀಯತೆ ಮತ್ತು ಪುನರಾವರ್ತನೆ. ಇದು ಕಲ್ಲಿನ ಮೇಲೆ ಕೊರೆದ ಶಾಸನವಲ್ಲ. ಹೊಲದ ಕೆಲಸ, ಮನೆಗೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಕೆಲಸ ಇರುವವರಿಗೆ ಮೂರು ಗಂಟೆ ಒಟ್ಟಿಗೆ ಸಿಗದು. ಬೆಳಗಿನ ಜಾವ ಒಂದೂವರೆ, ರಾತ್ರಿ ಒಂದೂವರೆ ಮಾಡಿಕೊಳ್ಳಿ. ಹೆಣ್ಣುಮಕ್ಕಳ ತಂದೆತಾಯಿಗಳಿಗೂ ಒಂದು ವಿನಂತಿ: ಆ ಒಂದೂವರೆ ಗಂಟೆಯಲ್ಲಿ ಮಗಳನ್ನು ಕೆಲಸಕ್ಕೆ ಕರೆಯಬೇಡಿ. ಮತ್ತು ನೂರು ದಿನಕ್ಕೆ ಆಗದಿದ್ದರೆ ಅವಕಲನದವರೆಗಾದರೂ ಗಟ್ಟಿ ಮಾಡಿಕೊಂಡು ಹೋಗಿ. ಅರ್ಧ ಓದಿದ ಇಪ್ಪತ್ತೇಳು ಪಾಠಗಳಿಗಿಂತ ಪೂರ್ತಿ ಬಂದ ಹದಿನೈದು ಪಾಠಗಳು ಮೇಲು.

ಒಬ್ಬ ಜೊತೆಗಾರ ಇದ್ದರೆ ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಇಬ್ಬರೂ ಕೂತು ಒಬ್ಬರ ಲೆಕ್ಕ ಇನ್ನೊಬ್ಬರು ತಿದ್ದಿ. ಹದಿನೈದು ದಿನಕ್ಕೊಮ್ಮೆ ಊರಿನ ಹೈಸ್ಕೂಲಿನ ಗಣಿತ ಮಾಸ್ತರರನ್ನೋ ಕಾಲೇಜಿನ ಉಪನ್ಯಾಸಕರನ್ನೋ ಕಂಡು, ಬಿಡಿಸಲಾಗದ ಲೆಕ್ಕಗಳ ಪಟ್ಟಿ ತೋರಿಸಿ. 'ಸರ್, ಇಲ್ಲಿಯವರೆಗೆ ಬಂದೆ, ಈ ಸಾಲಿನಲ್ಲಿ ನಿಂತೆ' ಎಂದು ಹಾಳೆ ಹಿಡಿದು ಬಂದ ವಿದ್ಯಾರ್ಥಿಯನ್ನು ಕಂಡರೆ ಸಂತೋಷಪಡದ ಗುರುಗಳು ಅಪರೂಪ.

ಹೀಗೆ ಸ್ವಂತವಾಗಿ ಕಲಿತು ವಿಶ್ವವಿದ್ಯಾಲಯಕ್ಕೆ ಹೋದವರಿದ್ದಾರೆಯೇ ಎಂದು ಕೇಳುವಿರಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಹತ್ತಿರ ಜಾರ್ಜ್ ಗ್ರೀನ್ ಎಂಬವನಿದ್ದ. 1793ರಲ್ಲಿ ಹುಟ್ಟಿದ ಅವನು ಶಾಲೆಗೆ ಹೋದದ್ದು ಸುಮಾರು ಒಂದು ವರ್ಷ. ತಂದೆಯ ಗಾಳಿಗಿರಣಿಯಲ್ಲಿ ಹಿಟ್ಟು ಬೀಸುತ್ತಾ ಗಣಿತ ಕಲಿತ. 1828ರಲ್ಲಿ ವಿದ್ಯುತ್ತು ಮತ್ತು ಕಾಂತತೆಯ ಗಣಿತದ ಮೇಲೆ ಒಂದು ಪ್ರಬಂಧ ಪ್ರಕಟಿಸಿದ. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ ಸೇರಿದ್ದು 1833ರಲ್ಲಿ, ತನ್ನ ನಲವತ್ತನೆಯ ವಯಸ್ಸಿನಲ್ಲಿ. ಬಿ.ಇ. ಸೇರಿದವರು ಮುಂದೆ 'ಗ್ರೀನನ ಪ್ರಮೇಯ' ಎಂಬ ಪಾಠ ಓದುತ್ತಾರೆ. ಅದು ಈ ಗಿರಣಿಯವನದೇ.

ನಮ್ಮ ನಾಡಿನಲ್ಲೂ ಗಣಿತ ಹೊರಗಿನಿಂದ ಬಂದ ಅತಿಥಿಯಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಅವನು ಸಾಮಾನ್ಯ ನಿಯಮವನ್ನೇ ಕೊಟ್ಟ. ನೀವು ಮೊದಲ ಪಿ.ಯು.ಸಿ.ಯಲ್ಲಿ ಓದುವ ವಿಕಲ್ಪಗಳ ಸೂತ್ರ ಅದೇ. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದೂ ಅವನು ಹೇಳಿದ. ಸಂಮಿಶ್ರ ಸಂಖ್ಯೆಗಳ ಪಾಠ ಆರಂಭವಾಗುವುದೇ ಆ ಮಾತನ್ನು ಮೀರಿ ಒಂದು ಹೆಜ್ಜೆ ಇಡುವುದರಿಂದ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲಿಯೇ 'ವ್ಯವಹಾರಗಣಿತ' ರಚಿಸಿದ. ಕನ್ನಡದಲ್ಲಿ ಯೋಚಿಸಿ ಗಣಿತ ಮಾಡುವುದು ಹೊಸ ಸಾಹಸವೇನೂ ಅಲ್ಲ.

ವಿದ್ಯಾರ್ಥಿಗಳೇ, ಹದಿನಾರನೆಯ ವಯಸ್ಸಿನಲ್ಲಿ ಮನೆಯ ಪರಿಸ್ಥಿತಿಯಿಂದಲೋ, ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ಇಲ್ಲದ್ದರಿಂದಲೋ, ಯಾರೋ ಹೆದರಿಸಿದ್ದರಿಂದಲೋ ಗಣಿತ ಬಿಟ್ಟವರು ನಿಮ್ಮಲ್ಲಿ ಎಷ್ಟೋ ಮಂದಿ ಇರುತ್ತೀರಿ. ಆಗ ತೆಗೆದುಕೊಂಡ ತೀರ್ಮಾನ ಜನ್ಮಪೂರ್ತಿಯ ತೀರ್ಪಲ್ಲ. ನೋಟ್‌ಬುಕ್ಕು, ಪೆನ್ನು, ಒಂದು ಪುಸ್ತಕ, ನೂರು ದಿನ, ಇಷ್ಟು ನಿಮ್ಮ ಕೈಯಲ್ಲಿದೆ. ಇಂದು ಸಂಜೆ ಹತ್ತನೆಯ ತರಗತಿಯ ಪುಸ್ತಕ ತೆಗೆದು, ವರ್ಗ ಸಮೀಕರಣದ ಪಾಠದಿಂದ ಹತ್ತು ಲೆಕ್ಕ ಮಾಡಿ. ಎಷ್ಟು ಸರಿಯಾಯಿತು ಎಂದು ಯಾರಿಗೂ ಹೇಳಬೇಕಾಗಿಲ್ಲ. ನಿಮಗೆ ಗೊತ್ತಾದರೆ ಸಾಕು. ಅಲ್ಲಿಂದಲೇ ದಾರಿ ಆರಂಭವಾಗುತ್ತದೆ.